ರೋಗಿಯ ಗುಟ್ಟು, ರೋಗಿಯ ಕಡತ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯಲ್ಲಿ ಇದುವರೆಗೆ ಗಡಿಸಮಸ್ಯೆ, ಕನ್ನಡ ಶಾಲೆಗಳ ಅಳಿವು-ಉಳಿವು, ಯಕ್ಷಗಾನ, ವಚನಸಾಹಿತ್ಯ ಮೊದಲಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ಆಸ್ಪತ್ರೆಯ ಕಡತಗಳ ಬಗ್ಗೆ ನನ್ನನ್ನು ಮಾತನಾಡಲು ಕರೆದಾಗ, ಇದು ಸಾಂಸ್ಕೃತಿಕ ವೇದಿಕೆಯೊಂದಕ್ಕೆ ಒಗ್ಗುವ ವಿಷಯವೇ ಎಂಬ ಅಳುಕು ಸಮಿತಿಯ ಕೆಲವರಲ್ಲಿ ಇದ್ದಿತು. ಒಗ್ಗುತ್ತದೆ ಎಂಬುದೇ ನನ್ನ ನಂಬಿಕೆ. ಒಂದು ಸಮಾಜವು ತನ್ನ ರೋಗಿಗಳ ಬಗ್ಗೆ ಏನನ್ನು ಆಡುತ್ತದೆ, ಏನನ್ನು ಆಡದೆ ಬಿಡುತ್ತದೆ ಎಂಬುದು ಅದರ ಸಂಸ್ಕೃತಿಯ ಮುಖ್ಯ ಅಂಗವಾಗಿದೆ. ಊರು ಬಿಟ್ಟು ಬಂದು, ಪರಭಾಷೆಯ ನಗರದಲ್ಲಿ ಪರಸ್ಪರರ ಆಸರೆಯಿಂದ ಬಾಳುತ್ತಿರುವ ಹೊರನಾಡ ಕನ್ನಡಿಗರಿಗಂತೂ ಇದು ಅನ್ನದ ಪ್ರಶ್ನೆಯೂ ಹೌದು.

ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಈ ಮುಂಬಯಿ ನಗರದ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದು ನಿವೃತ್ತನಾದವನು. ಕೇಸ್ ಪೇಪರುಗಳನ್ನು ಕ್ರಮವಾಗಿ ಜೋಡಿಸುವುದು, ಕೇಳಿದಾಗ ಹುಡುಕಿ ಕೊಡುವುದು, ಕೇಳಬಾರದವರು ಕೇಳಿದಾಗ ಕೊಡದಿರುವುದು, ಇದಿಷ್ಟೇ ನನ್ನ ಕಸುಬು. ಮೊದಲೆರಡು ಕೆಲಸ ಸುಲಭ. ಮೂರನೆಯದು ಎಷ್ಟು ಕಠಿಣವೆಂಬುದನ್ನು ಆ ಕುರ್ಚಿಯಲ್ಲಿ ಕುಳಿತವರೇ ಬಲ್ಲರು. ರೋಗಿಯ ಅಣ್ಣ, ಷಡ್ಡಕ, ಮಾಲಿಕ, ಚಾಳಿನ ಕಾರ್ಯದರ್ಶಿ, ವಿಮಾ ಕಂಪೆನಿಯ ಪ್ರತಿನಿಧಿ, ಕೆಲವೊಮ್ಮೆ ಮದುವೆಯ ದಲ್ಲಾಳಿ, ಎಲ್ಲರೂ ಬಂದು ನಿಲ್ಲುತ್ತಾರೆ. ಎಲ್ಲರಿಗೂ ರೋಗಿಯ ಹಿತವೇ ಮುಖ್ಯವೆನ್ನುತ್ತಾರೆ.

ಒಂದು ಕೇಸ್ ಪೇಪರಿನಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ನೋಡೋಣ. ಹೆಸರು, ವಯಸ್ಸು, ವಿಳಾಸ, ಉದ್ಯೋಗ ಇರುತ್ತವೆ. ಕುಡಿತ, ತಂಬಾಕು ಮೊದಲಾದ ಅಭ್ಯಾಸಗಳ ವಿವರವಿರುತ್ತದೆ. ಹೆಂಗಸಾದರೆ ಎಷ್ಟು ಗರ್ಭ ನಿಂತಿತು, ಎಷ್ಟು ಉಳಿಯಿತು, ಎಷ್ಟು ತೆಗೆಸಲಾಯಿತು ಎಂಬುದಿರುತ್ತದೆ. ಹಿಂದೆ ಮನೋರೋಗಕ್ಕೆ ಔಷಧ ತೆಗೆದುಕೊಂಡಿದ್ದರೆ ಅದು, ತಂದೆ-ತಾಯಿಗೆ ಇದ್ದ ಕಾಯಿಲೆ, ರೋಗಿಯನ್ನು ಕರೆತಂದವರ ಹೆಸರು, ಹಣ ಕಟ್ಟಿದವರ ಹೆಸರು ಎಲ್ಲವೂ ಅಲ್ಲಿರುತ್ತವೆ. ಕಟ್ಟಿಕೊಂಡ ಹೆಂಡತಿಗೂ ಹೇಳದ ಮಾತನ್ನು ಮನುಷ್ಯ ಅಪರಿಚಿತ ವೈದ್ಯನೊಬ್ಬನಿಗೆ ಹೇಳುತ್ತಾನೆ. ಹೇಳದಿದ್ದರೆ ಮದ್ದು ತಪ್ಪೀತೆಂಬ ಭಯದಿಂದ ಹೇಳುತ್ತಾನೆ. ಭಯದಿಂದ ಹೇಳಿದ ಮಾತಿಗೆ ನಂಬಿಕೆಯ ಬೇಲಿ ಇಲ್ಲದಿದ್ದರೆ ಮುಂದಿನ ಸಲ ಅವನು ಬಾಯಿ ಬಿಡಲಾರ.

ಆದುದರಿಂದ ಕಡತದ ನೀತಿ ಸರಳವಾದದ್ದು. ಅದು ರೋಗಿಗೆ ತೆರೆದಿರಬೇಕು, ಉಳಿದವರಿಗೆ ಮುಚ್ಚಿರಬೇಕು. ನಮ್ಮಲ್ಲಿ ಬಹುಮಟ್ಟಿಗೆ ನಡೆಯುವುದು ಇದರ ವಿಪರೀತ. ವಾರ್ಡಿನ ಮಂಚದ ತುದಿಗೆ ತೂಗುಹಾಕಿದ ಹಾಳೆಯನ್ನು ಬಂದವರೆಲ್ಲ ಓದುತ್ತಾರೆ. ಹೊರರೋಗಿ ವಿಭಾಗದಲ್ಲಿ ಒಬ್ಬನನ್ನು ಪರೀಕ್ಷಿಸುವಾಗ ಮುಂದಿನ ಮೂವರು ಅದೇ ಮೇಜಿಗೆ ಒರಗಿ ನಿಂತಿರುತ್ತಾರೆ. ಆದರೆ ಅದೇ ರೋಗಿ ತನ್ನ ಕಡತದ ಪ್ರತಿ ಕೊಡಿರೆಂದು ಕೇಳಿದರೆ, ಅದು ಆಸ್ಪತ್ರೆಯ ಆಸ್ತಿ, ಗೌಪ್ಯ ದಾಖಲೆ ಎಂಬ ಉತ್ತರ ಬರುತ್ತದೆ. ಯಾರ ಗುಟ್ಟನ್ನು ಯಾರಿಂದ ಮುಚ್ಚಿಡುತ್ತಿದ್ದೇವೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಖಾಸಗಿತನವೆಂಬುದು ಪಾಶ್ಚಾತ್ಯರ ಕಲ್ಪನೆ, ನಮ್ಮದು ಕುಟುಂಬ ಪ್ರಧಾನವಾದ ಸಂಸ್ಕೃತಿ, ಇಲ್ಲಿ ಒಬ್ಬರ ನೋವು ಎಲ್ಲರ ನೋವು ಎಂದು ಹಲವರು ವಾದಿಸುತ್ತಾರೆ. ಕೇಳಲು ಇಂಪಾದ ಮಾತು. ಆದರೆ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರುವು ಶಿಷ್ಯನಿಗೆ ಬೋಧಿಸುವ ಪ್ರತಿಜ್ಞೆಯೊಂದಿದೆ. ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಕೂಡದೆಂಬುದು ಅದರ ಒಂದು ವಿಧಿ. ಗ್ರೀಸಿನ ಹಿಪೊಕ್ರಟಿಸನ ಹೆಸರಿನಲ್ಲಿರುವ ಪ್ರತಿಜ್ಞೆಯಲ್ಲಿಯೂ ಇದೇ ನಿಯಮವುಂಟು. ಸಾವಿರಾರು ಮೈಲಿ ದೂರದ ಎರಡು ನಾಗರಿಕತೆಗಳು ಒಂದೇ ತೀರ್ಮಾನಕ್ಕೆ ಬಂದವೆಂದರೆ, ರೋಗಿಯ ಗುಟ್ಟು ಯಾವುದೋ ಒಂದು ದಿಕ್ಕಿನ ಸೊತ್ತಲ್ಲವೆಂಬುದು ಸ್ಪಷ್ಟ. ಕನ್ನಡದಲ್ಲಿ ನಾವು ಇದಕ್ಕೆ ಮಾನ ಎನ್ನುತ್ತೇವೆ. ಮಾನವೆಂಬ ಮಾತಿಗೆ ಅಳತೆ ಎಂಬ ಅರ್ಥವೂ ಇದೆ. ಯಾರಿಗೆ ಎಷ್ಟು ತಿಳಿಯಬೇಕೆಂಬ ಅಳತೆಯೇ ಇಲ್ಲಿ ಮಾನ.

ಇನ್ನು ಕಾನೂನಿನ ಕಡೆ ಬರೋಣ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ವೃತ್ತಿನೀತಿ ನಿಯಮಾವಳಿಯಲ್ಲಿ ಎರಡೂ ಬದಿಯ ಮಾತುಗಳಿವೆ. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. ರೋಗಿಯಾಗಲಿ, ಅವನು ಅಧಿಕಾರ ಕೊಟ್ಟವರಾಗಲಿ ದಾಖಲೆ ಕೇಳಿದರೆ ಸ್ವೀಕೃತಿ ನೀಡಿ 72 ಗಂಟೆಗಳೊಳಗೆ ಕೊಡಬೇಕು. ಕೊಡದಿದ್ದರೆ ಅದು ವೃತ್ತಿದೋಷವೆನಿಸುತ್ತದೆ. ಅದೇ ನಿಯಮಾವಳಿಯ ಇನ್ನೊಂದೆಡೆ, ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯನು ಹೊರಗೆಡಹಬಾರದೆಂದಿದೆ. ಅದಕ್ಕೆ ವಿನಾಯಿತಿಗಳು ಮೂರೇ: ನ್ಯಾಯಾಧೀಶರ ಆದೇಶ, ಗೊತ್ತಾದ ವ್ಯಕ್ತಿಗೋ ಸಮುದಾಯಕ್ಕೋ ಒದಗುವ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳು. 2023ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ಪ್ರಕಟಿಸಿತಾದರೂ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು 2002ರ ನಿಯಮಗಳಿಗೇ ಮರಳಿತು.

ಇದಕ್ಕೂ ಮೊದಲೇ, 1996ರಲ್ಲಿ, ನಮ್ಮ ಮುಂಬಯಿಯ ಉಚ್ಚ ನ್ಯಾಯಾಲಯವು ಕೇಸ್ ಪೇಪರುಗಳ ಪ್ರತಿಯನ್ನು ರೋಗಿಗಳಿಗಾಗಲಿ ಅವರ ಬಂಧುಗಳಿಗಾಗಲಿ ಕೇಳಿದಾಗ ಕೊಡುವುದು ಅವಶ್ಯವೆಂದು ಹೇಳಿತ್ತು. ಅದರ ಹಿಂದಿನ ವರ್ಷ, 1995ರ ನವೆಂಬರಿನಲ್ಲಿ, ವೈದ್ಯಕೀಯ ಸೇವೆಯೂ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಈ ಎರಡು ತೀರ್ಪುಗಳು ಒಂದರ ಹಿಂದೊಂದು ಬಂದುದರಲ್ಲಿ ಅರ್ಥವಿದೆ. ಸೇವೆಯಲ್ಲಿ ಲೋಪವಾಯಿತೆಂದು ದೂರುವ ಹಕ್ಕನ್ನು ಕೊಟ್ಟು, ಲೋಪವನ್ನು ತೋರಿಸಬಲ್ಲ ಕಾಗದವನ್ನು ಕೊಡದಿದ್ದರೆ ಆ ಹಕ್ಕು ಬರಿಯ ಅಲಂಕಾರವಾಗುತ್ತದೆ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ 17 ಹಕ್ಕುಗಳಿವೆ. ದಾಖಲೆ ಪಡೆಯುವ ಹಕ್ಕು, ಗೌಪ್ಯತೆಯ ಹಕ್ಕು ಎರಡೂ ಅದರಲ್ಲಿ ಸೇರಿವೆ.

ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯಬೇಕಾದ ಹೆಸರೊಂದು ಈ ಚರಿತ್ರೆಯಲ್ಲಿದೆ. ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತಷ್ಟೆ. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಹಾಕಿದಾಗ ಎಂಬತ್ತು ದಾಟಿದ ವಯಸ್ಸು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆ ತೀರ್ಪು ಬಂದ 2017ರಲ್ಲಿಯೇ ಸಂಸತ್ತು ಎರಡು ಕಾಯಿದೆಗಳನ್ನು ಮಾಡಿತೆಂಬುದೂ ಗಮನಾರ್ಹ. ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಗೌಪ್ಯತೆಯ ಹಕ್ಕನ್ನೂ ತನ್ನ ಮೂಲ ದಾಖಲೆಗಳನ್ನು ನೋಡುವ ಹಕ್ಕನ್ನೂ ಒಟ್ಟಿಗೇ ಕೊಟ್ಟಿತು. ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ನಿಷೇಧಿಸಿತು.

ಇಷ್ಟೆಲ್ಲ ಕಾನೂನಿದ್ದೂ ನಮ್ಮವರಿಗೆ ಏಕೆ ಪ್ರಯೋಜನವಾಗುತ್ತಿಲ್ಲ? ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕುಂದಾಪುರದ ಕಡೆಯ ಒಬ್ಬ ತರುಣ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ರಾತ್ರಿ ಅಲ್ಲಿಯೇ, ಮಾಳಿಗೆಯ ಮೇಲೆ, ಏಳೆಂಟು ಮಂದಿಯ ಜೊತೆ ಮಲಗುವುದು. ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಬಂದ, ಕ್ಷಯವೆಂದು ಗೊತ್ತಾಯಿತು. ಹುಡುಗನಿಗೆ ಏನಾಗಿದೆಯೆಂದು ಮಾಲಿಕರು ದೂರವಾಣಿಯಲ್ಲಿ ವಿಚಾರಿಸಿದರು; ವಾರ್ಡಿನ ಸಿಬ್ಬಂದಿಯಲ್ಲೊಬ್ಬರು, ಅವರೂ ನಮ್ಮ ಕಡೆಯವರೇ, ಸದುದ್ದೇಶದಿಂದಲೇ ಇದ್ದುದನ್ನು ಇದ್ದಂತೆ ಹೇಳಿದರು. ಎರಡು ದಿನಗಳಲ್ಲಿ ಹುಡುಗನ ಹಾಸಿಗೆ ಬೀದಿಗೆ ಬಂತು. ವಾರದೊಳಗೆ ಊರಿನಲ್ಲಿ ತಂಗಿಗೆ ನೋಡಿದ್ದ ಸಂಬಂಧದವರು ಬೇಡವೆಂದರು. ಅವನು ಆರು ತಿಂಗಳು ತೆಗೆದುಕೊಳ್ಳಬೇಕಾಗಿದ್ದ ಔಷಧವನ್ನು ಎರಡನೆಯ ತಿಂಗಳಿಗೇ ಬಿಟ್ಟು ಕಾಣೆಯಾದ. ಎಲ್ಲಿ ಹೋದ, ಎಷ್ಟು ಮಂದಿಯ ಜೊತೆ ಮಲಗಿದ, ಯಾರಿಗೆ ಹಬ್ಬಿಸಿದ ಎಂಬುದನ್ನು ಯಾವ ಕಡತವೂ ಹೇಳದು.

ಆಗ ಒಬ್ಬರು ನನ್ನೊಡನೆ ವಾದಿಸಿದರು: ಮಾಲಿಕರಿಗೆ ತಿಳಿಯುವುದು ಬೇಡವೇ, ಉಳಿದ ಏಳು ಮಂದಿಯ ಗತಿಯೇನು? ನ್ಯಾಯವಾದ ಪ್ರಶ್ನೆ. ಅದಕ್ಕೆ ಕಾನೂನಿನಲ್ಲಿಯೇ ಉತ್ತರವಿದೆ. 2012ರಿಂದ ಕ್ಷಯವು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿದೆ. ತಿಳಿಸಬೇಕಾದದ್ದು ಆರೋಗ್ಯಾಧಿಕಾರಿಗೆ, ಹೋಟೆಲಿನ ಗಲ್ಲಾಪೆಟ್ಟಿಗೆಗಲ್ಲ. ಆರೋಗ್ಯಾಧಿಕಾರಿಯು ಜೊತೆಯಲ್ಲಿ ಮಲಗುವವರನ್ನೆಲ್ಲ ಪರೀಕ್ಷೆಗೆ ಒಳಪಡಿಸಬಹುದು, ರೋಗಿಗೆ ಔಷಧ ತಪ್ಪದಂತೆ ನೋಡಿಕೊಳ್ಳಬಹುದು. ಸರಿಯಾದ ಔಷಧ ಆರಂಭಿಸಿದ ಕೆಲವು ವಾರಗಳಲ್ಲಿ ಸಾಮಾನ್ಯ ಕ್ಷಯವು ಹರಡುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಮಾಲಿಕರಿಗೆ ತಿಳಿದದ್ದರಿಂದ ಆದದ್ದಾದರೂ ಏನು? ರೋಗಿ ಹೋದ, ರೋಗ ಉಳಿಯಿತು. ಗುಟ್ಟು ಕಾಯುವುದು ರೋಗಿಯ ಮೇಲಿನ ದಯೆಯಷ್ಟೇ ಅಲ್ಲ, ಉಳಿದವರ ಆರೋಗ್ಯದ ರಕ್ಷಣೆಯೂ ಹೌದು ಎಂಬುದನ್ನು ಆ ಹುಡುಗನಿಂದ ನಾನು ತಿಳಿದೆ.

ಒಳನಾಡಿನಲ್ಲಿರುವ ಕನ್ನಡಿಗನಿಗೆ ಮನೆ, ಉದ್ಯೋಗ, ನೆಂಟಸ್ತಿಕೆ ಬೇರೆ ಬೇರೆ ವಲಯಗಳು. ಹೊರನಾಡಿನಲ್ಲಿ ಇವೆಲ್ಲ ಒಂದೇ ವಲಯ. ಕೆಲಸ ಕೊಡಿಸಿದವರು ಊರಿನವರು, ಕೋಣೆ ಕೊಟ್ಟವರು ಊರಿನವರು, ಹೆಣ್ಣು ಕೊಡುವವರೂ ಊರಿನವರು. ಸುದ್ದಿ ಒಂದು ಕಡೆ ಸೋರಿದರೆ ಮೂರು ಕಡೆ ತೇವವಾಗುತ್ತದೆ. ಮಡಕೆಯ ಬಾಯಿಗೆ ಮುಚ್ಚಳವಿಕ್ಕಬಹುದು, ಊರ ಬಾಯಿಗೆ ಇಕ್ಕಲಾಗದು. ನಮ್ಮನ್ನು ಇಲ್ಲಿ ಬದುಕಿಸಿದ ಆಪ್ತತೆಯೇ ರೋಗ ಬಂದಾಗ ಉರುಳಾಗುವುದು ಹೀಗೆ.

ಭಾಷೆಯ ತೊಡಕು ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಬಾಗಲಕೋಟೆಯಿಂದಲೋ ಕಲಬುರಗಿಯಿಂದಲೋ ಚಿಕಿತ್ಸೆಗೆಂದು ಪರೇಲಿಗೆ ಬರುವ ಹೆಣ್ಣುಮಗಳಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮಗನೋ ಅಳಿಯನೋ ಪಕ್ಕದ ಮನೆಯ ಹುಡುಗನೋ ದುಭಾಷಿಯಾಗುತ್ತಾನೆ. ಮುಟ್ಟಿನ ಪ್ರಶ್ನೆ, ಗರ್ಭದ ಪ್ರಶ್ನೆ, ಗಂಡನ ನಡತೆಯ ಪ್ರಶ್ನೆ, ಎಲ್ಲವೂ ಆ ಹುಡುಗನ ಬಾಯಿಂದ ಹಾದು ಅವಳಿಗೆ ತಲುಪಬೇಕು. ಉತ್ತರವೂ ಅದೇ ದಾರಿಯಲ್ಲಿ ಮರಳಬೇಕು. ಅವಳು ಸುಳ್ಳು ಹೇಳುತ್ತಾಳೆ, ಇಲ್ಲವೇ ಸುಮ್ಮನಾಗುತ್ತಾಳೆ. ವೈದ್ಯನು ಆ ಸುಳ್ಳನ್ನು ಬರೆದುಕೊಂಡು ಔಷಧ ಕೊಡುತ್ತಾನೆ. ಕಡತದಲ್ಲಿ ಇರುವುದು ಅವಳ ರೋಗದ ಚರಿತ್ರೆಯೋ ಅವಳ ಸಂಕೋಚದ ಚರಿತ್ರೆಯೋ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ಕಡತ ಪಡೆಯುವ ಹಕ್ಕಿನ ಬಗ್ಗೆ ಇನ್ನಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲಿ. ಗಂಡನನ್ನು ಕಳೆದುಕೊಂಡ ಒಬ್ಬ ಮಹಿಳೆ ವಿಮೆಯ ಹಣಕ್ಕಾಗಿ ನರ್ಸಿಂಗ್ ಹೋಮ್ ಒಂದಕ್ಕೆ ಕೇಸ್ ಪೇಪರ್ ಕೇಳಿಕೊಂಡು ಐದು ತಿಂಗಳು ಅಲೆದರು. ಇವತ್ತು ಡಾಕ್ಟರರಿಲ್ಲ, ನಾಳೆ ಗುಮಾಸ್ತರಿಲ್ಲ. ಆಕೆ ಬಾಯಿಮಾತಿನಲ್ಲಿ ಕೇಳುತ್ತಿದ್ದರು, ಅವರು ಬಾಯಿಮಾತಿನಲ್ಲಿ ಕಳುಹಿಸುತ್ತಿದ್ದರು. ಆಕೆಗೆ ಒಂದು ಪುಟದ ಅರ್ಜಿ ಬರೆದುಕೊಟ್ಟೆವು. 2002ರ ನಿಯಮಾವಳಿ, 72 ಗಂಟೆಗಳ ಗಡುವು, ಸ್ವೀಕೃತಿಯ ಕೋರಿಕೆ, ಇಷ್ಟೇ ಅದರಲ್ಲಿ ಇದ್ದದ್ದು. ನಾಲ್ಕನೆಯ ದಿನ ಪ್ರತಿ ಕೈಗೆ ಬಂತು. ಅಲೆದ ತಿಂಗಳುಗಳು ಹೋಗಿ ಮೂರು ವರ್ಷ ದಾಟಿದ್ದರೆ, ದಾಖಲೆಯನ್ನು ವಿಲೇವಾರಿ ಮಾಡಿದ್ದೇವೆಂದು ಅವರು ನಿಯಮಬದ್ಧವಾಗಿಯೇ ಹೇಳಬಹುದಾಗಿತ್ತು.

ಆದುದರಿಂದ ನನ್ನ ಸಲಹೆಗಳು ಹೀಗಿವೆ. ಕೇಳುವುದನ್ನು ಬರವಣಿಗೆಯಲ್ಲಿ ಕೇಳಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಕೇವಲ ಬಿಡುಗಡೆಯ ಸಾರಾಂಶ ಪತ್ರದಿಂದ ತೃಪ್ತರಾಗದೆ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ದಾದಿಯರ ದಿನವಹಿ, ಪರೀಕ್ಷಾ ವರದಿಗಳು, ಕ್ಷಕಿರಣ ಚಿತ್ರಗಳು ಎಂದು ಹೆಸರಿಸಿ ಕೇಳಿ. ಗಡ್ಡೆಯ ತುಣುಕು ತೆಗೆದು ಪರೀಕ್ಷಿಸಿದ್ದರೆ ಅದರ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಟಾಟಾ ಸ್ಮಾರಕದಂತಹ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಅವುಗಳನ್ನೇ ಮೊದಲು ಮರುಪರೀಕ್ಷೆಗೆ ಕೇಳುತ್ತಾರೆ. ಅವಿಲ್ಲದೆ ಊರಿನಿಂದ ಬಂದವರು ಮತ್ತೆ ಊರಿಗೆ ಹೋಗಿ ಬರಬೇಕಾದ ಪ್ರಸಂಗಗಳನ್ನು ನಾನು ಬಲ್ಲೆ. ಹೊರರೋಗಿಯ ಚೀಟಿಗಳನ್ನು ನೀವೇ ಕಾಪಾಡಿಕೊಳ್ಳಿ. 2002ರ ನಿಯಮದ ಮೂರು ವರ್ಷದ ಮಾತು ಒಳರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ.

ಗೌಪ್ಯತೆಗೆ ಮಿತಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1998ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂದಿತ್ತು. ರಕ್ತದಾನಕ್ಕೆಂದು ಹೋದ ವೈದ್ಯನೊಬ್ಬನಿಗೆ ಎಚ್‌ಐವಿ ಸೋಂಕಿರುವುದು ಆಸ್ಪತ್ರೆಯಲ್ಲಿ ಪತ್ತೆಯಾಗಿ, ವಿಷಯ ಹೊರಗೆ ತಿಳಿದು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಆತನು ಆಸ್ಪತ್ರೆಯ ಮೇಲೆ ಪರಿಹಾರ ಕೇಳಿದ. ಖಾಸಗಿತನವು ನಿರಪೇಕ್ಷ ಹಕ್ಕಲ್ಲ, ಮದುವೆಯಾಗಲಿದ್ದ ಹೆಣ್ಣಿನ ಜೀವ ರಕ್ಷಣೆಯ ಹಕ್ಕು ಮೇಲು ಎಂದು ನ್ಯಾಯಾಲಯ ಹೇಳಿತು. ಅಷ್ಟಕ್ಕೆ ನಿಲ್ಲದೆ ಸೋಂಕಿತರ ಮದುವೆಯ ಹಕ್ಕಿನ ಬಗ್ಗೆಯೂ ಪ್ರತಿಕೂಲವಾದ ಮಾತುಗಳನ್ನಾಡಿತು. ಆ ಮಾತುಗಳು ಆ ಪ್ರಕರಣಕ್ಕೆ ಅನಗತ್ಯವಾಗಿದ್ದವೆಂದು 2002ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ತಿದ್ದಿತು. ಮುಂಬಯಿ ಉಚ್ಚ ನ್ಯಾಯಾಲಯವು 1997ರಲ್ಲಿಯೇ ಇನ್ನೊಂದು ದಾರಿ ತೋರಿಸಿತ್ತು. ಸೋಂಕಿನ ಕಾರಣದಿಂದ ಕೆಲಸ ಕಳೆದುಕೊಂಡ ದಿನಗೂಲಿ ಕಾರ್ಮಿಕನೊಬ್ಬನಿಗೆ ಹೆಸರು ಮರೆಸಿ, ಬರಿಯ ಅಕ್ಷರಗಳಿಂದಲೇ ದಾವೆ ನಡೆಸಲು ಅವಕಾಶ ಕೊಟ್ಟು, ದುಡಿಯಲು ಶಕ್ತನಾದವನನ್ನು ಸೋಂಕಿನ ನೆಪವೊಂದರಿಂದಲೇ ಹೊರಗಟ್ಟಲಾಗದೆಂದು ತೀರ್ಪಿತ್ತಿತು. ನ್ಯಾಯ ಕೇಳುವುದಕ್ಕಾಗಿ ಮಾನ ಕಳೆದುಕೊಳ್ಳಬೇಕಾಗಿಲ್ಲವೆಂಬ ಈ ತತ್ತ್ವ 2017ರ ಕಾಯಿದೆಯಲ್ಲಿಯೂ ಸೇರಿತು. ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಅಳತೆ ಸಿಗುತ್ತದೆ: ನಿಜವಾದ ಅಪಾಯ ಯಾರಿಗೋ ಅವರಿಗೆ, ಅವಶ್ಯವಿದ್ದಷ್ಟು ಮಾತ್ರ. ಬರಿಯ ಕುತೂಹಲಕ್ಕೆ ಅಲ್ಲಿ ಸ್ಥಾನವಿಲ್ಲ.

ಹೆಸರೊಂದನ್ನು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯದೆಂಬುದನ್ನು ನಾವೆಲ್ಲ 2020ರಲ್ಲಿ ಅನುಭವಿಸಿದ್ದೇವೆ. ಆ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಗೃಹ ದಿಗ್ಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಆಮೇಲೆ ದಿನನಿತ್ಯದ ಪ್ರಕಟಣೆಯಲ್ಲಿ ರೋಗಿಗೆ ಒಂದು ಸಂಖ್ಯೆ, ಅದರ ಮುಂದೆ ವಯಸ್ಸು, ಲಿಂಗ, ಜಿಲ್ಲೆ, ಪ್ರಯಾಣದ ಹಿನ್ನೆಲೆ ಕಾಣಿಸತೊಡಗಿದವು. ಮೇ ತಿಂಗಳಿನಲ್ಲಿ ಇಲ್ಲಿಂದ ಊರಿಗೆ ಹೋದ ನಮ್ಮವರ ಪಾಲಿಗೆ ಆ ಹಿನ್ನೆಲೆಯೇ ಹೆಸರಾಯಿತು. ನೂರು ಮನೆಗಳ ಹಳ್ಳಿಯಲ್ಲಿ ಮುಂಬಯಿಯಿಂದ ಬಂದ ಮೂವತ್ನಾಲ್ಕು ವರ್ಷದ ಗಂಡಸು ಎಂದರೆ ಯಾರೆಂದು ಯಾರಿಗೆ ತಿಳಿಯದು? ರೋಗಿಗಳ ಮನೆಯ ಮುಂದೆ ಭಿತ್ತಿಪತ್ರ ಅಂಟಿಸುವ ರೂಢಿಗೆ, ಸಂಬಂಧಪಟ್ಟ ಅಧಿಕಾರಿಯ ಆದೇಶವಿಲ್ಲದೆ ಹಾಗೆ ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಡಿಸೆಂಬರಿನಲ್ಲಿ ತಡೆಯೊಡ್ಡಿತು. ಅಷ್ಟರೊಳಗೆ ಎಷ್ಟೋ ಬಾಗಿಲುಗಳ ಮೇಲೆ ಗುರುತು ಬಿದ್ದಾಗಿತ್ತು.

ಈಗ ಕಾಗದದ ಕಡತ ಗಣಕಯಂತ್ರಕ್ಕೆ ಏರುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಡಿ 14 ಅಂಕಿಗಳ ಆರೋಗ್ಯ ಖಾತೆಯ ಸಂಖ್ಯೆ ಕೊಡಲಾಗುತ್ತಿದೆ. ಇದು ಕಡ್ಡಾಯವಲ್ಲ, ದಾಖಲೆ ಹಂಚಿಕೊಳ್ಳಲು ರೋಗಿಯ ಒಪ್ಪಿಗೆ ಬೇಕು. ನಗರದಿಂದ ನಗರಕ್ಕೆ ಅಲೆಯುವ ನಮ್ಮಂತಹವರಿಗೆ ಇದರಿಂದ ಅನುಕೂಲವುಂಟು. ಆದರೆ ಕಪಾಟಿಗೆ ನುಗ್ಗಿದ ಕಳ್ಳನು ಹತ್ತು ಕಡತ ಒಯ್ದಾನು, ಗಣಕಕ್ಕೆ ನುಗ್ಗಿದವನು ಲಕ್ಷಗಟ್ಟಲೆ ಒಯ್ಯುತ್ತಾನೆ. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕ ವ್ಯವಸ್ಥೆಯ ಮೇಲೆ ದಾಳಿ ನಡೆದು, ದಿನಗಟ್ಟಲೆ ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ದತ್ತಾಂಶದ ರಕ್ಷಣೆಯಲ್ಲಿ ಸೋತ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡವಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳಲ್ಲಿ ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಗೊತ್ತುಮಾಡಲಾಯಿತು. ಆ ಕಾಯಿದೆಯಲ್ಲಿರುವ ಒಂದು ಮಾತು ನಮ್ಮ ಸಂಘಕ್ಕೆ ಬಹಳ ಮುಖ್ಯವಾದುದು. ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆಯನ್ನು ಕೊಡಬೇಕೆಂದು ಅದು ಹೇಳುತ್ತದೆ. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿ, ಎಲ್ಲಿಯ ಆಸ್ಪತ್ರೆಯಾದರೂ ಕನ್ನಡದಲ್ಲಿ ಕೊಡಿ ಎಂದು ಕೇಳುವ ಅವಕಾಶವಿದು. ನಾಮಫಲಕದ ಕನ್ನಡಕ್ಕಾಗಿ ಹೋರಾಡಿದ ನಾವು ಸಹಿ ಹಾಕುವ ಕಾಗದದ ಕನ್ನಡಕ್ಕಾಗಿಯೂ ದನಿಯೆತ್ತಬೇಡವೇ?

ಕೊನೆಯದಾಗಿ ನಮ್ಮ ಮನೆಯೊಳಗಿನ ಮಾತು. ಹೊರನಾಡಿನ ಕನ್ನಡ ಸಂಘಗಳು ಉಚಿತ ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ, ಬಡ ರೋಗಿಗಳಿಗೆ ಧನಸಹಾಯ ನೀಡುತ್ತವೆ. ಇವು ಪುಣ್ಯಕಾರ್ಯಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಶಿಬಿರದಲ್ಲಿ ಧ್ವನಿವರ್ಧಕದ ಮೂಲಕ ಹೆಸರು ಕೂಗಿ ಸಕ್ಕರೆಯ ಪ್ರಮಾಣವನ್ನು ಸಾರುವುದನ್ನು ನಾವು ಕಂಡಿಲ್ಲವೇ? ನೆರವು ಪಡೆದವರ ಭಾವಚಿತ್ರವನ್ನು ಕಾಯಿಲೆಯ ಹೆಸರಿನ ಸಮೇತ ವಾಟ್ಸ್‌ಆಪ್ ಗುಂಪುಗಳಲ್ಲಿ ಹಂಚುವುದನ್ನು ಕಂಡಿಲ್ಲವೇ? ಗರ್ಭಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಬೇಕಾಗಿದ್ದ ಒಬ್ಬ ತಾಯಿ, ನಗರದ ಸಂಸ್ಥೆಯೊಂದು ಚಿತ್ರ ಸಮೇತ ಮನವಿ ಪ್ರಕಟಿಸಬೇಕೆಂದಾಗ, ಹಣ ಬೇಡವೆಂದು ಹೇಳಿ ಬಳೆ ಅಡವಿಟ್ಟರು. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು ಅವರಿಗಿದ್ದರು.

ದಾನಿಗಳಿಗೆ ತಿಳಿಸಬೇಡವೇ, ಪಾರದರ್ಶಕತೆ ಬೇಡವೇ ಎಂದು ಕೇಳುವಿರಿ. ದಾನಿಗೆ ಲೆಕ್ಕ ಕೇಳುವ ಹಕ್ಕುಂಟು. ರೋಗಿಯ ಗರ್ಭಕೋಶದ ವರದಿಯನ್ನು ಓದುವ ಹಕ್ಕಿಲ್ಲ. ಮುಖ ತೋರಿಸದಿದ್ದರೆ ಸಂಗ್ರಹ ಕಡಿಮೆಯಾಗುತ್ತದೆಂಬುದೂ ನಿಜವೇ. ಆ ಕೊರತೆಯನ್ನು ಒಪ್ಪಿಕೊಂಡು, ಪ್ರತಿ ರೋಗಿಗೂ ಬೇರೆ ಬೇರೆ ಮನವಿ ಹೊರಡಿಸುವ ಬದಲು ಒಂದು ಸ್ಥಾಯಿ ನಿಧಿಯನ್ನು ಬೆಳೆಸುವುದೇ ದಾರಿ. ಕಷ್ಟದಲ್ಲಿರುವವರ ಮಾನವನ್ನು ಶುಲ್ಕವಾಗಿ ವಸೂಲು ಮಾಡಿ ಕೊಡುವ ಸಹಾಯವನ್ನು ನಾನು ಸಹಾಯವೆಂದು ಕರೆಯಲಾರೆ.

ಆದುದರಿಂದ ಸಮಿತಿಯ ಪರಿಶೀಲನೆಗೆ ಐದು ಸೂಚನೆಗಳನ್ನು ಇಡುತ್ತೇನೆ. ಒಂದು, ಶಿಬಿರಗಳಲ್ಲಿ ಪರದೆಯ ಮರೆಯಲ್ಲಿ ಪರೀಕ್ಷೆ ನಡೆಯಲಿ, ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಅವರವರ ಕೈಗೇ ಸೇರಲಿ. ಎರಡು, ಶಿಬಿರದ ಪಟ್ಟಿಯನ್ನು ಪ್ರಾಯೋಜಕ ಪ್ರಯೋಗಾಲಯಕ್ಕಾಗಲಿ ವಿಮಾ ಪ್ರತಿನಿಧಿಗಾಗಲಿ ಕೊಡಕೂಡದು. ಮೂರು, ನೆರವಿನ ಅರ್ಜಿಗಳನ್ನು ಮೂವರ ಉಪಸಮಿತಿ ಮಾತ್ರ ನೋಡಲಿ. ಪ್ರಕಟವಾಗುವುದು ಸಂಖ್ಯೆ ಮತ್ತು ಮೊತ್ತ ಮಾತ್ರ. ಲೆಕ್ಕಪರಿಶೋಧಕರು ಕಾಗದ ನೋಡಿ ದೃಢಪಡಿಸಲಿ. ನಾಲ್ಕು, ರೋಗಿಗಳ ಭಾವಚಿತ್ರ, ವರದಿಗಳು ಸಂಘದ ಯಾವ ಪುಟದಲ್ಲಿಯೂ ಯಾವ ಗುಂಪಿನಲ್ಲಿಯೂ ಬಾರದಿರಲಿ. ಐದು, ಆಸ್ಪತ್ರೆಗಳಿಗೆ ಬರುವ ಕನ್ನಡ ರೋಗಿಗಳಿಗಾಗಿ ದುಭಾಷಿಗಳ ಒಂದು ಸ್ವಯಂಸೇವಕ ದಳವನ್ನು ಕಟ್ಟೋಣ. ಹೆಂಗಸರಿಗೆ ಹೆಂಗಸರೇ ದುಭಾಷಿಗಳಾಗಲಿ. ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬರುತ್ತೇವೆಂಬ ಪ್ರತಿಜ್ಞೆಯನ್ನು ಅವರು ಲಿಖಿತವಾಗಿ ಮಾಡಲಿ; ದಾಖಲೆ ಕೇಳುವ ಅರ್ಜಿಯ ಮಾದರಿಯೊಂದು ಅವರ ಚೀಲದಲ್ಲಿ ಸದಾ ಇರಲಿ.

ಇವುಗಳಲ್ಲಿ ಮೊದಲ ನಾಲ್ಕಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಐದನೆಯದಕ್ಕೆ ಬೇಕಾದದ್ದು ಜನ. ನಿವೃತ್ತರಾಗಿ ಮನೆಯಲ್ಲಿ ಕುಳಿತ, ಮರಾಠಿಯನ್ನೂ ಕನ್ನಡವನ್ನೂ ಸರಾಗವಾಗಿ ಬಲ್ಲ ಎಷ್ಟೋ ಮಂದಿ ಈ ಸಭೆಯಲ್ಲಿಯೇ ಇದ್ದೀರಿ. ಅಂತಹ ದಳವೊಂದು ಸಿದ್ಧವಾದರೆ ವಾರದಲ್ಲಿ ಎರಡು ದಿನ ಪರೇಲಿಗೆ ಹೋಗಿ ಕೂರಲು ನಾನು ಸಿದ್ಧನಿದ್ದೇನೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಗಳು ಚರ್ಚೆಗೆ ಬರಲಿ. ಬೇಡವೆನ್ನುವವರು ಕಾರಣಗಳನ್ನು ಲಿಖಿತವಾಗಿ ಕೊಡಲಿ.